ಜಾಹೀರಾತು, ಚುನಾವಣೆ, ಫಾರ್ವರ್ಡ್: ಪ್ರಚಾರದ ಪಟ್ಟು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯ ಕಾಲೇಜುಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ, ರೈತರ ಸಭೆಗಳಲ್ಲಿ ಈ ವಿಷಯ ಮಾತಾಡುವಾಗ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೆಲವರು ಪತ್ರ ಬರೆದು ಕೇಳುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಯಾವುದರಿಂದ ಬೇಕಾದರೂ ಓದಲು ಶುರುಮಾಡಬಹುದು.

## ಮೊದಲು ತಿಳಿಯಬೇಕಾದ್ದು

ಪ್ರಚಾರದ ತಂತ್ರ ಅಂದ್ರೆ ಸುಳ್ಳು ಹೇಳೋದು ಅಂತ ಅರ್ಥಾನಾ?

ಇಲ್ಲ. ನಿಜವನ್ನೇ ಹೇಳಿ ದಾರಿ ತಪ್ಪಿಸುವುದೇ ಜಾಸ್ತಿ. ಚಳ್ಳಕೆರೆಯವರಿಗೆ ಎಣ್ಣೆ ಚೆನ್ನಾಗಿ ಗೊತ್ತು, ಹಾಗಾಗಿ ಅದನ್ನೇ ನೋಡೋಣ. ಅಡುಗೆ ಎಣ್ಣೆಯ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಮಾತು ನಿಜವೇ. ಆದರೆ ಕೊಲೆಸ್ಟ್ರಾಲ್ ಇರುವುದು ಪ್ರಾಣಿಗಳಿಂದ ಬರುವ ಕೊಬ್ಬಿನಲ್ಲಿ. ಶೇಂಗಾ, ಸೂರ್ಯಕಾಂತಿ, ಕುಸುಬೆ, ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಗಾಣದಲ್ಲಿ ತೆಗೆಸಿದ ಬಿಡಿ ಎಣ್ಣೆಯಲ್ಲೂ ಇಲ್ಲ. ಎಲ್ಲ ಎಣ್ಣೆಗೂ ಇರುವ ಗುಣವನ್ನು ತನಗೊಬ್ಬನಿಗೇ ಇದೆ ಎಂಬಂತೆ ತೋರಿಸಿದ್ದಾರೆ. ಸುಳ್ಳು ಹುಡುಕಿದರೆ ಸಿಗುವುದಿಲ್ಲ, ಆದರೂ ಜಾಸ್ತಿ ದುಡ್ಡು ಕೊಟ್ಟು ಬರುತ್ತೇವೆ.

ಒಂದೇ ಒಂದು ಪ್ರಶ್ನೆ ಕಲಿಸಿ ಅಂದ್ರೆ ಯಾವುದು ಕಲಿಸ್ತೀರಿ?

‘ಇಲ್ಲಿ ಏನನ್ನು ಹೇಳಿಲ್ಲ?’ ಇದೊಂದೇ. ಇದರ ಜೊತೆ ಒಂದು ನಿಯಮವೂ ಇದೆ: ಮೊದಲು ನಿಮಗೆ ಇಷ್ಟವಾದ ಮಾತಿಗೇ ಈ ಪ್ರಶ್ನೆ ಹಾಕಿ. ಇಷ್ಟವಿಲ್ಲದ ಪಕ್ಷದ ಕರಪತ್ರದಲ್ಲಿ ಹುಳುಕು ಹುಡುಕುವುದು ಯಾರಿಗೂ ಕಷ್ಟವಲ್ಲ. ಓದಿದ ಕೂಡಲೇ ‘ಸರಿಯಾಗಿ ಹೇಳಿದ್ದಾನೆ’ ಎಂದು ತಲೆ ಆಡಿಸಿದಿರಲ್ಲ, ಅಲ್ಲೇ ನಿಲ್ಲಬೇಕು. ಮುಂದಿನ ಉತ್ತರಗಳೆಲ್ಲ ಒಂದಲ್ಲ ಒಂದು ರೀತಿ ಇದನ್ನೇ ಹೇಳುತ್ತವೆ.

ನಾನು ಡಿಗ್ರಿ ಓದಿದೀನಿ, ನನಗೆ ಇದೆಲ್ಲ ನಾಟಲ್ಲ. ಆದ್ರೂ ತಲೆ ಕೆಡಿಸ್ಕೋಬೇಕಾ?

ಕೆಡಿಸಿಕೊಳ್ಳಬೇಕು. 1977ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಜನರಿಗೆ ಒಂದಿಷ್ಟು ವಾಕ್ಯ ತೋರಿಸಿ ಎಷ್ಟು ನಿಜ ಅನಿಸುತ್ತದೆ ಎಂದು ಕೇಳಿದರು. ವಾರಗಳ ಅಂತರದಲ್ಲಿ ಅವೇ ಕೆಲವು ವಾಕ್ಯಗಳನ್ನು ಹೊಸ ವಾಕ್ಯಗಳ ನಡುವೆ ಮತ್ತೆ ತೋರಿಸಿದರು. ಮತ್ತೆ ಕಂಡ ವಾಕ್ಯಗಳು, ನಿಜವಿರಲಿ ಸುಳ್ಳಿರಲಿ, ಮೊದಲಿಗಿಂತ ಜಾಸ್ತಿ ನಿಜ ಅನಿಸಿದವು. 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಸರಿಯುತ್ತರ ಗೊತ್ತಿದ್ದವರ ಮೇಲೂ ಈ ಪರಿಣಾಮ ಕಂಡಿತು. ಟಿವಿಯಲ್ಲಿ ಒಂದೇ ಜಾಹೀರಾತು ಒಂದೇ ಸಂಜೆ ಮತ್ತೆ ಮತ್ತೆ ಬರುವುದು, ಚುನಾವಣೆಯಲ್ಲಿ ಒಂದೇ ಘೋಷಣೆಯನ್ನು ಆಟೋದಲ್ಲಿ ಬೀದಿ ಬೀದಿ ಕೂಗುವುದು ಸುಮ್ನೆ ಅಲ್ಲ. ಕಿವಿಗೆ ಪರಿಚಯವಾದದ್ದನ್ನು ಮನಸ್ಸು ನಿಜ ಎಂದುಕೊಳ್ಳುತ್ತದೆ. ಡಿಗ್ರಿ ಅದನ್ನು ಪೂರ್ತಿ ತಡೆಯುವುದಿಲ್ಲ.

ಈ ತಂತ್ರಗಳಿಗೆಲ್ಲ ಒಂದು ಪಟ್ಟಿ ಇದೆಯಂತೆ, ಹೌದಾ?

ಇದೆ. 1937ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಚಾರ ವಿಶ್ಲೇಷಣೆಗೆಂದೇ ಒಂದು ಸಂಸ್ಥೆ ಹುಟ್ಟಿತು. ಯುರೋಪಿನಲ್ಲಿ ಸರ್ವಾಧಿಕಾರಿಗಳು ರೇಡಿಯೊ ಹಿಡಿದು ಜನರನ್ನು ಕುಣಿಸುತ್ತಿದ್ದ ಕಾಲ ಅದು. ಆ ಸಂಸ್ಥೆ ಏಳು ಪಟ್ಟುಗಳನ್ನು ಗುರುತಿಸಿ, ಶಾಲೆಗಳಲ್ಲಿ ಕಲಿಸಲು ಕೊಟ್ಟಿತು. 1942ರಲ್ಲಿ ಸಂಸ್ಥೆ ಮುಚ್ಚಿತು, ಪಟ್ಟಿ ಉಳಿಯಿತು. ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ:

ಹಣೆಪಟ್ಟಿ ಕಟ್ಟುವುದು: ವಾದಕ್ಕೆ ಉತ್ತರ ಕೊಡದೆ, ವಾದಿಸಿದವನಿಗೆ ‘ದ್ರೋಹಿ’, ‘ಏಜೆಂಟ್’, ‘ಗುಲಾಮ’ ಎಂದು ಹೆಸರಿಡುವುದು. ಹೊಳಪಿನ ಮಾತು: ‘ಪ್ರಗತಿ’, ‘ಶುದ್ಧ’, ‘ಸ್ವಾಭಿಮಾನ’ದಂಥ, ಯಾರೂ ಬೇಡ ಅನ್ನಲಾಗದ ಪದಗಳು. ಗೌರವದ ಎರವಲು: ಜನ ಪೂಜಿಸುವ ವ್ಯಕ್ತಿ, ಬಾವುಟ, ದೇವರ ಚಿತ್ರದ ಪಕ್ಕ ತನ್ನ ಚಿತ್ರ ಇಡುವುದು. ಖ್ಯಾತರ ಸಾಕ್ಷಿ: ನಟ ಕುಡಿದು ತೋರಿಸಿದ ಪಾನೀಯ. ‘ನಾನೂ ನಿಮ್ಮವನೇ’: ಕೋಟಿಗಳ ಒಡೆಯ ಹೊಲದ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವ ಫೋಟೊ. ಬೇಕಾದ್ದಷ್ಟೇ ತೋರಿಸುವುದು: ಮೇಲೆ ಹೇಳಿದ ಎಣ್ಣೆ ಪ್ಯಾಕೆಟ್. ಗುಂಪಿನ ಗಾಳಿ: ‘ಎಲ್ಲರೂ ಇತ್ತ ಬಂದಿದ್ದಾರೆ, ನೀವೊಬ್ಬರೇ ಉಳಿದಿದ್ದೀರಿ’.

ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನೋಡುವ ಹಳಬರು ಎದುರಾಳಿ ಕೈ ಚಾಚುವಾಗಲೇ ಪಟ್ಟಿನ ಹೆಸರು ಹೇಳಿಬಿಡುತ್ತಾರೆ. ಇಲ್ಲೂ ಹೆಸರು ಗೊತ್ತಿದ್ದರೆ ಕಣ್ಣು ಬೇಗ ಹಿಡಿಯುತ್ತದೆ, ಅದಕ್ಕೇ ಈ ಪಟ್ಟಿ.

ಪೋಲಿಯೊ ಲಸಿಕೆಗೂ ಪ್ರಚಾರ ಮಾಡಿದ್ರಲ್ವಾ? ಅದೂ ತಪ್ಪಾ?

ತಪ್ಪಲ್ಲ. ‘ಎರಡು ಹನಿ’ ಎಂಬ ಮಾತು, ನಟರ ಮುಖ, ಬೂತ್‌ನಲ್ಲಿ ಎಲ್ಲರೂ ಸಾಲು ನಿಂತ ಚಿತ್ರ, ಈ ಪಟ್ಟುಗಳನ್ನೆಲ್ಲ ಅಲ್ಲಿಯೂ ಬಳಸಿದರು. 2011ರ ಜನವರಿಯಲ್ಲಿ ದೇಶದ ಕೊನೆಯ ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದಲ್ಲಿ ಕಂಡಿತು. 2014ರ ಮಾರ್ಚ್‌ನಲ್ಲಿ ಭಾರತವೂ ಸೇರಿದ ಇಡೀ ಪ್ರದೇಶಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ವ್ಯತ್ಯಾಸ ಇರುವುದು ಪರೀಕ್ಷೆಗೆ ಒಡ್ಡಿಕೊಳ್ಳುವುದರಲ್ಲಿ. ಲಸಿಕೆ ಏನು ಮಾಡುತ್ತದೆ, ಅಡ್ಡಪರಿಣಾಮ ಏನು ಎಂದು ಆಸ್ಪತ್ರೆಯಲ್ಲಿ ಕೇಳಬಹುದಿತ್ತು, ಉತ್ತರ ಸಿಗುತ್ತಿತ್ತು. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಪ್ರಚಾರಕ್ಕೂ, ಕೇಳಿದವರ ಮೇಲೇ ಬೀಳುವ ಪ್ರಚಾರಕ್ಕೂ ತುಂಬಾ ದೂರ.

## ಅಂಗಡಿ, ಟಿವಿ, ರಸ್ತೆ ಬದಿಯ ಫ್ಲೆಕ್ಸ್

‘ಹತ್ತರಲ್ಲಿ ಎಂಟು ಡಾಕ್ಟರು ಇದನ್ನೇ ಹೇಳ್ತಾರೆ’ ಅಂತ ಹಾಕಿದ್ರೆ ನಂಬಬಹುದಲ್ವಾ?

ಡಾಕ್ಟರನ್ನು ಏನು ಕೇಳಿದರು ಎಂದು ಗೊತ್ತಾಗುವವರೆಗೆ ಬೇಡ. 2007ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಕೋಲ್ಗೇಟ್‌ನ ಇಂಥದೇ ಒಂದು ಜಾಹೀರಾತನ್ನು ತಪ್ಪುದಾರಿಗೆ ಎಳೆಯುವಂಥದ್ದು ಎಂದು ಹೇಳಿತು. ‘ಶೇ. 80ಕ್ಕೂ ಹೆಚ್ಚು ದಂತವೈದ್ಯರ ಶಿಫಾರಸು’ ಎಂದು ಅದರಲ್ಲಿತ್ತು. ಓದಿದವರು ಉಳಿದ ಶೇ. 20 ಮಂದಿ ಬೇರೆ ಪೇಸ್ಟ್ ಹೇಳಿದರು ಎಂದುಕೊಳ್ಳುತ್ತಾರೆ, ಅಲ್ವಾ? ಸಮೀಕ್ಷೆಯಲ್ಲಿ ಒಬ್ಬ ವೈದ್ಯ ಎಷ್ಟು ಬ್ರ್ಯಾಂಡ್ ಬೇಕಾದರೂ ಹೇಳಬಹುದಿತ್ತು. ಇನ್ನೊಂದು ಕಂಪನಿಯ ಹೆಸರೂ ಹೆಚ್ಚುಕಡಿಮೆ ಅಷ್ಟೇ ಸಲ ಬಂದಿತ್ತು. ಲೆಕ್ಕ ಸರಿ, ಓದುಗನ ತಲೆಯಲ್ಲಿ ಮೂಡಿದ ಚಿತ್ರ ತಪ್ಪು.

ಮೆಕ್ಕೆಜೋಳದ ಬೀಜದ ಕರಪತ್ರದಲ್ಲಿ ಎಕರೆಗೆ ಇಷ್ಟು ಕ್ವಿಂಟಲ್ ಅಂತ ರೈತರ ಫೋಟೊ ಸಮೇತ ಹಾಕಿರ್ತಾರೆ. ಅದನ್ನ ಹೆಂಗೆ ಓದಬೇಕು?

ನಮ್ಮ ಕಡೆ ಈ ಪ್ರಶ್ನೆಗೆ ತುಂಬಾ ಬೆಲೆ ಇದೆ. ಒಂದು ಮುಂಗಾರು ತಪ್ಪಿದರೆ ಇಡೀ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫೋಟೊದಲ್ಲಿರುವ ರೈತ ನಿಜವಾದವನೇ ಇರಬಹುದು, ಅವನ ಇಳುವರಿಯೂ ನಿಜವೇ ಇರಬಹುದು. ಕೇಳಬೇಕಾದ್ದು ಅವನ ಹೊಲದ ಬಗ್ಗೆ. ಭದ್ರಾ ನಾಲೆಯ ನೀರು ಸಿಗುವ ಹೊಲವಾ, ಜಗಳೂರು ಕಡೆಯ ಮಳೆ ಆಶ್ರಯದ ಹೊಲವಾ? ಕಪ್ಪು ನೆಲವಾ, ಕೆಂಪು ನೆಲವಾ? ಗೊಬ್ಬರ ಎಷ್ಟು ಹಾಕಿದ, ಯಾರ ಖರ್ಚಿನಲ್ಲಿ? ಇಡೀ ಎಕರೆ ಅಳೆದರಾ, ಚೆನ್ನಾಗಿ ಬಂದ ಒಂದು ಪಟ್ಟೆ ಅಳೆದು ಎಕರೆಗೆ ಗುಣಿಸಿದರಾ? ತೇವಾಂಶ ಇದ್ದಾಗ ತೂಗಿದರಾ, ಒಣಗಿದ ಮೇಲಾ? ಹಸಿ ಕಾಳಿನ ತೂಕಕ್ಕೂ ಎಪಿಎಂಸಿಯಲ್ಲಿ ಸಿಗುವ ತೂಕಕ್ಕೂ ಎಷ್ಟು ಫರಕು ಎಂದು ರೈತರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಆ ಬೀಜ ಬಿತ್ತಿದ ಉಳಿದವರ ಕಥೆ ಏನು? ನೂರು ಜನ ಬಿತ್ತಿ, ಎಲ್ಲರಿಗಿಂತ ಜಾಸ್ತಿ ಬಂದವನ ಫೋಟೊ ಹಾಕಿದರೆ ಅದು ಸುಳ್ಳಲ್ಲ, ಆದರೆ ನಿಮಗೆ ಎಷ್ಟು ಬರುತ್ತದೆ ಎಂಬುದಕ್ಕೆ ಉತ್ತರವೂ ಅಲ್ಲ. ಕ್ಷೇತ್ರೋತ್ಸವಕ್ಕೆ ಕರೆದಾಗ ಊಟ ಮಾಡಿ ಬರುವ ಮುಂಚೆ ಪಕ್ಕದ ಹೊಲದವರನ್ನೂ ಮಾತಾಡಿಸಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಆ ತಳಿಯ ಬಗ್ಗೆ ವಿಚಾರಿಸಿ. ಮೊದಲ ವರ್ಷ ಸ್ವಲ್ಪ ಜಾಗದಲ್ಲಷ್ಟೇ ಬಿತ್ತಿ ನೋಡಿ.

ಮಗು ಎತ್ತರ ಆಗುತ್ತೆ, ಚುರುಕಾಗುತ್ತೆ ಅಂತ ಟಿವಿಲಿ ನೋಡಿ ಹೆಲ್ತ್ ಡ್ರಿಂಕ್ ಬೇಕು ಅಂತ ಹಟ ಮಾಡ್ತಾಳೆ. ಕೊಡಿಸ್ಲಾ?

ಡಬ್ಬಿಯ ಮುಂಭಾಗ ಜಾಹೀರಾತು, ಹಿಂಭಾಗ ಮಾಹಿತಿ. ಹಿಂದೆ ತಿರುಗಿಸಿ, 100 ಗ್ರಾಂಗೆ ಸಕ್ಕರೆ ಎಷ್ಟು ಎಂದು ಓದಿ, ಆಮೇಲೆ ನಿರ್ಧರಿಸಿ. ‘ಹೆಲ್ತ್ ಡ್ರಿಂಕ್’ ಎಂಬ ವರ್ಗ ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಇಂಥ ಪಾನೀಯಗಳನ್ನು ಆ ವರ್ಗದಲ್ಲಿ ಇಟ್ಟು ಮಾರಬಾರದು ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಸರ್ಕಾರ ಸೂಚಿಸಿತು. ಮಗಳಿಗೂ ಆ ಹಿಂಭಾಗ ಓದಿಸಿ. ಎತ್ತರದ ಅಳತೆ ಪಟ್ಟಿಯ ಪಕ್ಕ ನಿಂತ ಹುಡುಗ ನಟನೆ ಮಾಡಿ ದುಡ್ಡು ಪಡೆದವನು ಎಂದು ಹೇಳಿ. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ನೀಟ್ ಕೋಚಿಂಗ್ ಫ್ಲೆಕ್ಸ್‌ನಲ್ಲಿ ಅಷ್ಟು ರ್‍ಯಾಂಕ್ ಫೋಟೊ ಇದ್ರೆ ಆ ಸಂಸ್ಥೆ ಚೆನ್ನಾಗಿದೆ ಅಂತಲೇ ಅಲ್ವಾ?

ಫೋಟೊ ಎಷ್ಟಿವೆ ಎಂದು ಎಣಿಸಿದ ಮೇಲೆ, ಆ ವರ್ಷ ಒಟ್ಟು ಎಷ್ಟು ಮಕ್ಕಳು ಸೇರಿದ್ದರು ಎಂದು ಕೇಳಿ. ಸಾವಿರ ಮಕ್ಕಳಲ್ಲಿ ಇಪ್ಪತ್ತು ಫೋಟೊ ಬೇರೆ, ಅರವತ್ತು ಮಕ್ಕಳಲ್ಲಿ ಇಪ್ಪತ್ತು ಫೋಟೊ ಬೇರೆ. ರ್‍ಯಾಂಕ್ ಬಂದ ಹುಡುಗಿ ಅಲ್ಲಿ ಎರಡು ವರ್ಷ ಓದಿದಳಾ, ಕೊನೆಗೆ ಬರೀ ಟೆಸ್ಟ್ ಸರಣಿ ಬರೆದಳಾ? ಈ ಗೊಂದಲ ದೇಶದ ತುಂಬ ಇದ್ದದ್ದರಿಂದಲೇ 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತಿಗೆಂದೇ ನಿಯಮ ತಂದಿತು. ವಿದ್ಯಾರ್ಥಿಯ ಫೋಟೊ ಹಾಕಿದರೆ ಯಾವ ಕೋರ್ಸ್, ಎಷ್ಟು ಅವಧಿ ಎಂದು ಜೊತೆಗೇ ಹೇಳಬೇಕು. ಪರೀಕ್ಷೆ ಮುಗಿದು ಆಯ್ಕೆಯಾದ ಮೇಲೆ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಪಡೆದಿರಬೇಕು. ‘ಸೀಟು ಗ್ಯಾರಂಟಿ’ ಎನ್ನುವಂತಿಲ್ಲ. ದಾವಣಗೆರೆಗೆ ಸುತ್ತಲಿನ ಜಿಲ್ಲೆಗಳಿಂದ ಓದಲು ಬರುತ್ತಾರೆ, ಅಪ್ಪ ಅಮ್ಮ ಅಡಿಕೆ ಮಾರಿ, ಸಾಲ ಮಾಡಿ ಫೀಸು ಕಟ್ಟುತ್ತಾರೆ. ದುಡ್ಡು ಕಟ್ಟುವ ಮುಂಚೆ ಈ ವಿವರ ಕೇಳಲು ಹಿಂಜರಿಯಬೇಡಿ.

ಹೊಸ ಲೇಔಟ್‌ನವರು ‘ಹೈವೇಗೆ ಐದೇ ನಿಮಿಷ, ಇವತ್ತೇ ಬುಕ್ ಮಾಡಿ’ ಅಂತಾರೆ...

ಎರಡು ಕೆಲಸ ಮಾಡಿ. ಸಂಜೆ ಆರು ಗಂಟೆಗೆ ನೀವೇ ಬೈಕಿನಲ್ಲಿ ಹೋಗಿ ಆ ಐದು ನಿಮಿಷ ಅಳೆಯಿರಿ. ಜಾಹೀರಾತಿನಲ್ಲಿ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ ಇದೆಯಾ ನೋಡಿ. 2016ರ ಕಾನೂನಿನ ಪ್ರಕಾರ 500 ಚದರ ಮೀಟರ್‌ಗಿಂತ ದೊಡ್ಡ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತೆಯೇ ಇಲ್ಲ. ಸಂಖ್ಯೆ ಎದ್ದು ಕಾಣುವಂತೆ ಹಾಕಬೇಕು. ಅದನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಬಹುದು. ‘ಇವತ್ತೇ’ ಎನ್ನುವ ಆತುರ ನಿಮ್ಮನ್ನು ಈ ಎರಡು ಕೆಲಸ ಮಾಡದಂತೆ ತಡೆಯಲಿಕ್ಕೇ ಇರುವುದು. ಆನ್‌ಲೈನ್ ಅಂಗಡಿಗಳು ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಆತುರ ಹುಟ್ಟಿಸುವುದನ್ನು 2023ರ ನವೆಂಬರ್‌ನ ಕೇಂದ್ರದ ಮಾರ್ಗಸೂಚಿ ನಿಷೇಧಿಸಿದೆ.

‘ಶೇ. 50ರವರೆಗೆ’ ಅಂದ್ರೆ ಅರ್ಧ ರೇಟಾ?

ಒಂದೇ ಒಂದು ಸೀರೆಗೆ ಅರ್ಧ ರೇಟು ಇದ್ದರೂ ಆ ಬೋರ್ಡು ನಿಜ. ‘ವರೆಗೆ’ ಮತ್ತು ನಕ್ಷತ್ರದ ಚಿಹ್ನೆ, ಇವೆರಡನ್ನು ಮೊದಲು ಓದಿ. ಕೇಂದ್ರದ 2022ರ ಜಾಹೀರಾತು ಮಾರ್ಗಸೂಚಿಯಂತೆ ಷರತ್ತನ್ನು ಘೋಷಣೆಯ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲಿ ಬರೆಯಬೇಕು. ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನಲ್ಲಿ ಷರತ್ತು ಹಾಕುವಂತಿಲ್ಲ.

ಏಲಕ್ಕಿ, ಸೋಡಾಕ್ಕೆ ಅಷ್ಟು ದೊಡ್ಡ ನಟರು ಯಾಕೆ ಬರ್ತಾರೆ?

ಮಾರುತ್ತಿರುವುದು ಏಲಕ್ಕಿಯನ್ನಲ್ಲ. 2003ರ ಕಾನೂನು ತಂಬಾಕಿನ ಜಾಹೀರಾತನ್ನು ನಿಷೇಧಿಸಿದೆ, ಟಿವಿಯಲ್ಲಿ ಮದ್ಯದ ಜಾಹೀರಾತು ಕೂಡದು. ಹಾಗಾಗಿ ಅದೇ ಹೆಸರು, ಅದೇ ಬಣ್ಣ, ಅದೇ ರಾಗವನ್ನು ಇನ್ನೊಂದು ಸಾಮಾನಿನ ಮೇಲೆ ಹಾಕುತ್ತಾರೆ. ಹುಡುಗರ ತಲೆಯಲ್ಲಿ ಹೆಸರು ಕೂರುತ್ತದೆ, ಗೂಡಂಗಡಿಗೆ ಹೋದಾಗ ಬಾಯಿಗೆ ಅದೇ ಬರುತ್ತದೆ. ಇಂಥ ಬದಲಿ ಜಾಹೀರಾತನ್ನೂ 2022ರ ಮಾರ್ಗಸೂಚಿ ನಿಷೇಧಿಸಿದೆ. ಜಾತ್ರೆಯ ಸ್ವಾಗತ ಕಮಾನಿನ ಮೇಲೆ ಇವು ಕಂಡರೆ ಸಮಿತಿಯವರ ಹತ್ತಿರ ಧೈರ್ಯವಾಗಿ ಮಾತಾಡಿ.

## ಚುನಾವಣೆ, ಪಕ್ಷ, ಭಾಷಣ

ಓಬವ್ವನ ಫೋಟೊ ಹಾಕಿದ್ರೆ ಅದು ಗೌರವ ಅಲ್ವಾ? ಅದರಲ್ಲಿ ಏನು ತಪ್ಪು?

ಗೌರವ ಕೊಡುವುದರಲ್ಲಿ ತಪ್ಪೇನೂ ಇಲ್ಲ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಮಾಡುತ್ತಿದೆ. ಗಮನಿಸಬೇಕಾದ್ದು ಫ್ಲೆಕ್ಸ್‌ನಲ್ಲಿ ಯಾರ ಮುಖ ಎಷ್ಟು ದೊಡ್ಡದು ಎಂಬುದನ್ನು. ಮೂಲೆಯಲ್ಲಿ ಒನಕೆ ಹಿಡಿದ ಓಬವ್ವ, ನಡುವೆ ಕೈಮುಗಿದ ಅಭ್ಯರ್ಥಿ, ಸುತ್ತ ಅವರ ಹಿಂಬಾಲಕರ ಫೋಟೊಗಳು ಇದ್ದರೆ ಅಲ್ಲಿ ನಡೆದಿರುವುದು ಗೌರವದ ಎರವಲು. ಕೋಟೆಯ ಕಿಂಡಿಯಲ್ಲಿ ಒಬ್ಬಳೇ ನಿಂತವಳ ಧೈರ್ಯ ನಮ್ಮ ಮನಸ್ಸಿನಿಂದ ಪಕ್ಕದ ಮುಖಕ್ಕೆ ಹರಿಯಲಿ ಎಂಬ ಲೆಕ್ಕ. ಮದಕರಿ ನಾಯಕನಿಗೂ, ಬಸವಣ್ಣನಿಗೂ, ಅಂಬೇಡ್ಕರರಿಗೂ ಹೀಗೇ ಮಾಡುತ್ತಾರೆ. ಮಹನೀಯರ ಚಿತ್ರವನ್ನು ಕೈಯಿಂದ ಮುಚ್ಚಿ ನೋಡಿ. ಉಳಿದದ್ದರಲ್ಲಿ ಓಟು ಕೇಳಲು ಕಾರಣ ಏನಾದರೂ ಇದೆಯಾ?

ದೊಡ್ಡ ಲೀಡರ್ ಬಂದು ನಮ್ಮ ಜೊತೆ ಬೆಣ್ಣೆದೋಸೆ, ಮಿರ್ಚಿ ಮಂಡಕ್ಕಿ ತಿಂದ್ರು. ಅಷ್ಟು ಸರಳ ಇದಾರೆ. ಅದೂ ನಾಟಕಾನಾ?

ನಾಟಕವೋ ನಿಜವೋ ಎಂದು ಅವರ ಮನಸ್ಸಿನೊಳಗೆ ಇಳಿದು ಹೇಳಲಾಗುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ದೋಸೆ ತಿಂದವರು ನಿಮ್ಮ ವಾರ್ಡಿನ ನೀರಿನ ಬಗ್ಗೆ ಏನು ಮಾಡಿದರು ಎಂಬುದು ದಾಖಲೆಯಲ್ಲಿದೆ, ಅದನ್ನು ನೋಡಿ.

ಘೋಷಣೆ ಕೇಳಿದ್ರೆ ರೋಮಾಂಚನ ಆಗುತ್ತೆ. ಆದ್ರೆ ಅದರಲ್ಲಿ ಹುರುಳಿದೆಯಾ ಅಂತ ಹೆಂಗೆ ಗೊತ್ತಾಗುತ್ತೆ?

ಘೋಷಣೆಯನ್ನು ತಿರುಗಿಸಿ ಹೇಳಿ ನೋಡಿ. 1971ರ ‘ಗರೀಬಿ ಹಠಾವೋ’, 2004ರ ‘ಇಂಡಿಯಾ ಶೈನಿಂಗ್’ ಬೇರೆ ಬೇರೆ ಪಕ್ಷದವು. ‘ಬಡತನ ಉಳಿಯಲಿ’, ‘ದೇಶ ಮಂಕಾಗಲಿ’ ಎಂದು ಹೇಳುವ ಪಕ್ಷ ಯಾವುದಾದರೂ ಇದೆಯಾ? ಯಾರೂ ವಿರೋಧಿಸಲಾಗದ ಮಾತಿನಿಂದ ಒಬ್ಬರನ್ನು ಆರಿಸಿಕೊಳ್ಳಲು ಸಹಾಯವಾಗುವುದಿಲ್ಲ.

ಇನ್ನು ಅಳೆಯಬಹುದಾದ ಮಾತಿಗೆ ಬರೋಣ. ಚಿತ್ರದುರ್ಗದ ಜನ ಭದ್ರಾ ಮೇಲ್ದಂಡೆ ಯೋಜನೆಯ ಭರವಸೆಯನ್ನು ಎಷ್ಟು ಚುನಾವಣೆಯಿಂದ ಕೇಳುತ್ತಿದ್ದಾರೆ! 2023-24ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಎಂದು ಘೋಷಣೆಯಾಯಿತು. ಇಲ್ಲಿ ಅಂಕಿ ಇದೆ, ಹಾಗಾಗಿ ಹಿಡಿದು ಕೇಳಬಹುದು. ಆದರೆ ಘೋಷಣೆಯಾದದ್ದು ಎಷ್ಟು, ಮಂಜೂರಾದದ್ದು ಎಷ್ಟು, ಬಿಡುಗಡೆಯಾದದ್ದು ಎಷ್ಟು, ಖರ್ಚಾದದ್ದು ಎಷ್ಟು, ಇವೆಲ್ಲ ಬೇರೆ ಬೇರೆ ಲೆಕ್ಕ. ಭಾಷಣದಲ್ಲಿ ಒಬ್ಬರು ಘೋಷಣೆಯ ಅಂಕಿ ಹೇಳುತ್ತಾರೆ, ಇನ್ನೊಬ್ಬರು ಬಿಡುಗಡೆಯ ಅಂಕಿ ಹೇಳುತ್ತಾರೆ. ಕೇಳುವವರಿಗೆ ಇಬ್ಬರಲ್ಲಿ ಒಬ್ಬರು ಸುಳ್ಳುಗಾರರು ಅನಿಸುತ್ತದೆ. ನಿಮ್ಮ ಊರಿನ ಕೆರೆಗೆ ಇದರಲ್ಲಿ ಯಾವ ಪ್ಯಾಕೇಜಿನಡಿ, ಯಾವ ವರ್ಷ ನೀರು ಎಂದು ಕೇಳಿ. ಉತ್ತರದಲ್ಲಿ ವರ್ಷ ಮತ್ತು ಕೆರೆಯ ಹೆಸರು ಇಲ್ಲದಿದ್ದರೆ ಅದು ಇನ್ನೂ ಘೋಷಣೆಯೇ.

‘ಈ ಸಲ ಗಾಳಿ ಇವರ ಕಡೆ’ ಅಂತ ಎಲ್ಲರೂ ಹೇಳುವಾಗ ನಾನೊಬ್ಬನೇ ಬೇರೆ ಯೋಚನೆ ಮಾಡಿ ಏನು ಪ್ರಯೋಜನ?

ಇದೇ ಭಾವನೆ ಹುಟ್ಟಲಿ ಎಂದೇ ರೋಡ್ ಶೋಗೆ ಟ್ರ್ಯಾಕ್ಟರ್‌ನಲ್ಲಿ ಜನ ತರುತ್ತಾರೆ. 1951ರಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟೇ ಉದ್ದ ಎಂದು ಹೇಳಬೇಕು, ಅಷ್ಟೇ. ಮೊದಲೇ ಹೇಳಿಕೊಟ್ಟಿದ್ದ ಕೆಲವರು ಬೇಕೆಂದೇ ತಪ್ಪು ಉತ್ತರ ಹೇಳಿದರು. ಈ ವಿಷಯ ಗೊತ್ತಿಲ್ಲದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಮಾತನ್ನೇ ಹೇಳಿದರು. ಪ್ರಯೋಗದ ಇನ್ನೊಂದು ಭಾಗ ನನಗೆ ತುಂಬಾ ಧೈರ್ಯ ಕೊಡುತ್ತದೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಹೀಗೆ ತಲೆಬಾಗುವವರು ತುಂಬಾ ಕಡಿಮೆಯಾದರು. ಕಟ್ಟೆಯ ಮೇಲೆ ನೀವು ಮೆಲ್ಲಗೆ ‘ನನಗೆ ಹಾಗನಿಸಲ್ಲ’ ಎಂದರೆ ಪಕ್ಕದಲ್ಲಿ ಸುಮ್ಮನೆ ಕೂತವರಿಗೆ ಅದು ಆಸರೆ. ನಿಮ್ಮ ಒಂದು ಮಾತಿನ ಪ್ರಯೋಜನ ಇದು.

ಸಮೀಕ್ಷೆ ತೋರಿಸಿದರೆ ಎಷ್ಟು ಜನರನ್ನು, ಎಲ್ಲಿ, ಯಾವಾಗ ಕೇಳಿದರು, ದುಡ್ಡು ಕೊಟ್ಟವರು ಯಾರು ಎಂದು ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಚಿತ್ರದುರ್ಗಕ್ಕೆ ಏಪ್ರಿಲ್ 26ರಂದು, ದಾವಣಗೆರೆಗೆ ಮೇ 7ರಂದು ಮತದಾನವಾಯಿತು. ಒಂದು ಕಡೆ ಮುಗಿದ ಮತದಾನದ ಗಾಳಿ ಇನ್ನೊಂದು ಕಡೆ ಬೀಸಬಾರದೆಂದೇ ಎಲ್ಲ ಹಂತ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವುದನ್ನು ಕಾನೂನು ತಡೆದಿದೆ.

ಪ್ರಶ್ನೆ ಕೇಳಿದ್ರೆ ‘ಅವರು ಇದ್ದಾಗ ಯಾಕೆ ಕೇಳಲಿಲ್ಲ?’ ಅಂತಾರೆ. ಏನು ಹೇಳೋದು?

‘ಆಗಲೂ ಕೇಳಬೇಕಿತ್ತು, ಈಗಲೂ ಕೇಳುತ್ತಿದ್ದೇನೆ, ಉತ್ತರ ಹೇಳಿ’ ಎನ್ನಿ. ಮಾತು ಹಳೆಯ ಸರ್ಕಾರದ ಕಡೆ ಹೊರಳಿದರೆ ಇಂದಿನ ರಸ್ತೆಯ ಗುಂಡಿ ಮರೆತುಹೋಗುತ್ತದೆ. ಇದಕ್ಕೆ ಜೊತೆಯಾಗಿ ಬರುವ ಇನ್ನೊಂದು ಪಟ್ಟು: ‘ನಮ್ಮನ್ನು ಒಪ್ಪದಿದ್ದರೆ ನೀನು ಅವರ ಕಡೆಯವನು’. ಇರುವ ದಾರಿ ಎರಡೇ ಎಂದು ನಂಬಿಸುವುದು ಅದರ ಕೆಲಸ.

ಬರೀ ನಮ್ಮ ಪಕ್ಷದ್ದೇ ತಪ್ಪು ಹೇಳ್ತೀರಲ್ಲ, ನೀವು ಯಾವ ಕಡೆಯವರು?

ಎಲ್ಲ ಪಕ್ಷದ ಅಭಿಮಾನಿಗಳೂ ಇದನ್ನೇ ಕೇಳುತ್ತಾರೆ. ನಮ್ಮ ಕಡೆಯದು ‘ವಿಷಯ ತಿಳಿಸುವುದು’, ಅವರ ಕಡೆಯದು ‘ಅಪಪ್ರಚಾರ’ ಎಂದು ಎಲ್ಲರಿಗೂ ಅನಿಸುತ್ತದೆ. ಒಂದು ಕೆಲಸ ಮಾಡಿ. ನಿಮ್ಮ ಪಕ್ಷದ ಕರಪತ್ರ ಒಂದು, ಎದುರಾಳಿಯದು ಒಂದು ತಗೊಳ್ಳಿ. ಹೆಸರು, ಚಿಹ್ನೆ, ಬಣ್ಣದ ಮೇಲೆ ಕಾಗದ ಅಂಟಿಸಿ. ಏಳು ಪಟ್ಟುಗಳಲ್ಲಿ ಯಾವುವು ಎಲ್ಲಿವೆ ಎಂದು ಗೆರೆ ಎಳೆಯಿರಿ. ನಾನು ಯಾವ ಕಡೆ ಎಂಬ ಪ್ರಶ್ನೆಗಿಂತ ಆ ಎರಡು ಹಾಳೆಗಳಿಂದ ನಿಮಗೆ ಜಾಸ್ತಿ ತಿಳಿಯುತ್ತದೆ.

ರಾತ್ರಿ ಹೊತ್ತು ಮನೆ ಬಾಗಿಲಿಗೆ ಹೆಸರಿಲ್ಲದ ಕರಪತ್ರ ಹಾಕಿ ಹೋಗ್ತಾರೆ. ಅದಕ್ಕೆ ಕಾನೂನು ಇಲ್ವಾ?

ಇದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಪ್ರಕಾರ ಚುನಾವಣೆಯ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹೆಸರಿಲ್ಲದ ಹಾಳೆ ಬಂದರೆ ಓದುವ ಮುಂಚೆ ಅದನ್ನು ಗಮನಿಸಿ: ಹೇಳಿದವರಿಗೇ ತಮ್ಮ ಮಾತಿನ ಹೊಣೆ ಬೇಕಿಲ್ಲ. ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಎಂದು ಅದೇ ಕಾಯ್ದೆ ಹೇಳುತ್ತದೆ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರರ ಧರ್ಮ ಅಥವಾ ಜಾತಿಯ ಹೆಸರಿನಲ್ಲಿ ಕೇಳಿದರೂ ಅದು ಅನ್ವಯಿಸುತ್ತದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ಹೇಳಿತು.

## ಮೊಬೈಲ್‌ಗೆ ಬರುವುದು

ಫಾರ್ವರ್ಡ್ ಮಾಡಿದ್ರೆ ಏನಾಗುತ್ತೆ? ನಿಜ ಇದ್ರೂ ಇರಬಹುದು, ಜನ ಎಚ್ಚರ ಆಗಲಿ ಅಂತ ಕಳಿಸಿದೆ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಫಾರ್ವರ್ಡ್ ದೇಶದ ತುಂಬ ಓಡಾಡಿತು. ಕಳಿಸಿದವರಲ್ಲಿ ಹೆಚ್ಚಿನವರು ‘ಜನ ಎಚ್ಚರ ಆಗಲಿ’ ಎಂದೇ ಕಳಿಸಿದರು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಎಂಬ ಕಾರಣಕ್ಕೆ ಹೊರಗಿನಿಂದ ಬಂದ ಸ್ನೇಹಿತರ ಮೇಲೆ ಜನ ಮುಗಿಬಿದ್ದರು. ಒಬ್ಬ ಯುವಕನ ಜೀವ ಹೋಯಿತು. ಮಗುವಿನ ವಿಷಯದ ಭಯ ಯೋಚನೆಗೆ ಸಮಯವೇ ಕೊಡುವುದಿಲ್ಲ, ಹಾಗಾಗಿಯೇ ಅಂಥ ಸುದ್ದಿ ಹಬ್ಬಿಸುವುದು ಸುಲಭ.

ಅದೇ ವರ್ಷ ವಾಟ್ಸ್ಆ್ಯಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸುವ ಮಿತಿ ತಂದಿತು. 2020ರಲ್ಲಿ, ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಕಡೆ ಎಂದು ಬಿಗಿ ಮಾಡಿತು. ಸಂದೇಶದ ಮೇಲೆ ಜೋಡಿ ಬಾಣ ಕಂಡರೆ ಅದು ನಿಮ್ಮ ಬೀಗರು ಬರೆದದ್ದಲ್ಲ, ಎಲ್ಲಿಂದಲೋ ಹರಿದು ಬಂದದ್ದು. ಊರು, ತಾರೀಕು, ಠಾಣೆ ಯಾವುದೂ ಇಲ್ಲದ ‘ತುರ್ತು’ ಸುದ್ದಿ ಬಂದರೆ ಕಳಿಸಬೇಡಿ. ಅನುಮಾನ ಇದ್ದರೆ 112ಕ್ಕೆ ಫೋನ್ ಮಾಡಿ.

ವಿಡಿಯೊ ಕಣ್ಣಾರೆ ನೋಡಿದೀನಿ. ಅದೂ ಸುಳ್ಳಾಗುತ್ತಾ?

ಆಗುತ್ತದೆ. 2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೊಗೆ ಅಂಟಿಸಿದ್ದು ದೊಡ್ಡ ಸುದ್ದಿಯಾಯಿತು. ಮುಂದಿನ ತಿಂಗಳೇ, ಹಣ ಹೂಡಲು ಹೇಳುವಂತೆ ತಮ್ಮ ಹೆಸರಿನಲ್ಲಿ ಓಡಾಡುತ್ತಿದ್ದ ನಕಲಿ ವಿಡಿಯೊಗಳನ್ನು ನಂಬಬೇಡಿ ಎಂದು ಇನ್ಫೊಸಿಸ್‌ನ ನಾರಾಯಣ ಮೂರ್ತಿ ಎಚ್ಚರಿಸಿದರು. ಆದರೆ ನಮ್ಮ ಕಡೆ ಇದಕ್ಕಿಂತ ಜಾಸ್ತಿ ಓಡಾಡುವುದು ನಿಜವಾದ ಹಳೆಯ ವಿಡಿಯೊಗೆ ಹೊಸ ಊರಿನ ಹೆಸರು ಹಾಕಿದ್ದು. ವಿಡಿಯೊದ ಒಂದು ಚಿತ್ರ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಮೊದಲು ಎಲ್ಲಿ ಬಂದಿತ್ತು ಎಂದು ಎಷ್ಟೋ ಸಲ ಸಿಗುತ್ತದೆ. ಅಂಗಡಿ ಬೋರ್ಡಿನ ಭಾಷೆ, ಗಾಡಿಯ ನಂಬರ್ ಪ್ಲೇಟ್, ಪೊಲೀಸರ ಟೋಪಿ ನೋಡಿ.

ಬಸವಣ್ಣನ ವಚನ ಅಂತ ಬರುತ್ತೆ, ಓದಿದ್ರೆ ಈಗಿನ ರಾಜಕೀಯಕ್ಕೆ ಸರಿಯಾಗಿ ಹೊಂದುತ್ತೆ!

ಅಷ್ಟು ಸರಿಯಾಗಿ ಹೊಂದಿದರೆ ಅನುಮಾನ ಪಡಿ. ಮಠಗಳ ನಾಡಿನಲ್ಲಿ ವಚನಕ್ಕೆ ಇರುವ ತೂಕ ಗೊತ್ತಿದ್ದವರೇ ಇದನ್ನು ಮಾಡುತ್ತಾರೆ. ಕೊನೆಗೆ ಕೂಡಲಸಂಗಮದೇವ ಎಂದು ಸೇರಿಸಿದ ಮಾತ್ರಕ್ಕೆ ವಚನವಾಗುವುದಿಲ್ಲ. ವಚನ ಸಂಚಯ ಜಾಲತಾಣದಲ್ಲಿ ಒಂದು ಪದ ಹಾಕಿ ಹುಡುಕಬಹುದು, ಸಮಗ್ರ ವಚನ ಸಂಪುಟಗಳು ಗ್ರಂಥಾಲಯದಲ್ಲಿ ಸಿಗುತ್ತವೆ. ಕಲಾಂ, ಕುವೆಂಪು, ಅಂಬೇಡ್ಕರ್ ಹೆಸರಿನ ಮಾತುಗಳಿಗೂ ಇದೇ ಪರೀಕ್ಷೆ: ಯಾವ ಪುಸ್ತಕ, ಯಾವ ಭಾಷಣ? ‘ಸುಳ್ಳನ್ನು ಸಾವಿರ ಸಲ ಹೇಳಿದರೆ ನಿಜವಾಗುತ್ತದೆ’ ಎಂದು ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಹೇಳಿದ ಎಂದು ನಾವೆಲ್ಲ ಹೇಳುತ್ತೇವಲ್ಲ, ಆ ವಾಕ್ಯಕ್ಕೂ ಅವನ ಬರಹ, ಭಾಷಣಗಳಲ್ಲಿ ಆಧಾರ ಸಿಕ್ಕಿಲ್ಲ.

ದೊಡ್ಡಪ್ಪ ಮನೆಯ ಗ್ರೂಪಿನಲ್ಲಿ ದಿನಾ ಇಂಥದ್ದೇ ಹಾಕ್ತಾರೆ. ಹೇಳಿದ್ರೆ ಬೇಜಾರು ಮಾಡ್ಕೋತಾರೆ.

ಎಲ್ಲರ ಎದುರು ಹೇಳಿದರೆ ಯಾರಿಗಾದರೂ ಬೇಜಾರಾಗುತ್ತದೆ, ಹಿರಿಯರಿಗಂತೂ ಕೇಳಬೇಡಿ. ಹಬ್ಬಕ್ಕೆ ಹೋದಾಗ ಪಕ್ಕದಲ್ಲಿ ಕೂತು ‘ದೊಡ್ಡಪ್ಪ, ನೀವು ಕಳಿಸಿದ್ದು ನೋಡಿದೆ, ಇದು ಎಲ್ಲಿಂದ ಬಂತು ಅಂತ ಇಬ್ಬರೂ ಹುಡುಕೋಣ ಬನ್ನಿ’ ಎನ್ನಿ. ಲೆನ್ಸ್ ಹೇಗೆ ಬಳಸುವುದು ಎಂದು ಅವರ ಮೊಬೈಲಿನಲ್ಲೇ ತೋರಿಸಿ. ಗ್ರೂಪಿನಲ್ಲಿ ತಿದ್ದಲೇಬೇಕಾದರೆ ಸುಳ್ಳನ್ನು ಮತ್ತೆ ಮತ್ತೆ ಬರೆಯಬೇಡಿ, ಓದಿದವರಿಗೆ ಅದೇ ನೆನಪು ಉಳಿಯುತ್ತದೆ. ನಿಜ ಏನು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ದೂರು ಎಲ್ಲಿ ಕೊಡೋದು? ಕೊಟ್ರೆ ಏನಾದ್ರೂ ಆಗುತ್ತಾ?

ಜಾಹೀರಾತಿನ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ನಟಿಸಿದ ಖ್ಯಾತರಿಗೂ ದಂಡ ಹಾಕಿ, ಒಂದು ವರ್ಷ ಜಾಹೀರಾತು ಮಾಡದಂತೆ ತಡೆಯಬಹುದು. ‘ಸಕ್ಕರೆ ಕಾಯಿಲೆ ಬುಡಸಮೇತ ವಾಸಿ’ ಎಂಬ ಔಷಧದ ಜಾಹೀರಾತು 1954ರ ಕಾಯ್ದೆಯಡಿಯೇ ಅಪರಾಧ. ಆನ್‌ಲೈನ್‌ನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಚುನಾವಣೆ ಘೋಷಣೆಯಾದ ಮೇಲೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಸಮೇತ ದೂರು ಹಾಕಬಹುದು.

## ಇನ್ನೂ ಆಳಕ್ಕೆ ಹೋಗುವವರಿಗೆ

ಅಂಕಿ, ಗ್ರಾಫ್ ತೋರಿಸಿದ ಮೇಲೂ ಅನುಮಾನ ಪಡಬೇಕಾ?

ಅಂಕಿಯನ್ನಲ್ಲ, ಅದನ್ನು ಬರೆದ ರೀತಿಯನ್ನು ನೋಡಿ. ಒಂದು ಕಂಬ 48, ಇನ್ನೊಂದು 52 ಎಂದುಕೊಳ್ಳಿ. ಕೆಳಗಿನ ಗೆರೆ ಸೊನ್ನೆಯಿಂದ ಶುರುವಾದರೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. 46ರಿಂದ ಶುರು ಮಾಡಿದರೆ ಎರಡನೆಯದು ಮೂರು ಪಟ್ಟು ಎತ್ತರ ಕಾಣುತ್ತದೆ. ‘ಎರಡು ಪಟ್ಟು ಹೆಚ್ಚಾಯಿತು’ ಎಂದರೆ ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಿ, ಒಂದು ಎರಡಾದರೂ ಎರಡು ಪಟ್ಟೇ. ಯಾವ ವರ್ಷದಿಂದ ಹೋಲಿಸಿದ್ದಾರೆ ಎಂಬುದೂ ಮುಖ್ಯ. ಬರಗಾಲದ ವರ್ಷವನ್ನು ಬುಡಕ್ಕೆ ಇಟ್ಟುಕೊಂಡರೆ ಮುಂದಿನ ಯಾವ ಬೆಳೆಯೂ ಅದ್ಭುತವೇ.

ಸ್ವಾತಂತ್ರ್ಯ, ಸ್ತ್ರೀ ಸಮಾನತೆ ಅಂತ ಒಳ್ಳೆಯ ವಿಚಾರ ಹೇಳುವ ಜಾಹೀರಾತೂ ಬರುತ್ತಲ್ವಾ? ಅದನ್ನೂ ಅನುಮಾನಿಸಬೇಕಾ?

ವಿಚಾರವನ್ನು ಒಪ್ಪಿ, ಸಾಮಾನನ್ನು ಬೇರೆಯಾಗಿ ನೋಡಿ. 1929ರ ಈಸ್ಟರ್ ಹಬ್ಬದಂದು ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಕೆಲವು ಯುವತಿಯರು ಎಲ್ಲರ ಎದುರು ಸಿಗರೇಟು ಹಚ್ಚಿದರು. ಹೆಂಗಸರು ಬೀದಿಯಲ್ಲಿ ಸೇದುವುದು ಆಗ ಅವಮಾನದ ವಿಷಯ. ಪತ್ರಿಕೆಗಳಿಗೆ ಅದನ್ನು ಸ್ವಾತಂತ್ರ್ಯದ ಪಂಜು ಎಂದು ವರ್ಣಿಸಿ ಕೊಟ್ಟಿದ್ದರು. ಹಿಂದೆ ನಿಂತು ಇದನ್ನೆಲ್ಲ ಏರ್ಪಡಿಸಿದ್ದು ತಂಬಾಕು ಕಂಪನಿಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಬರ್ನೇಸ್. ಸಮಾನತೆಯ ಹಂಬಲ ನಿಜವಾದದ್ದು, ನ್ಯಾಯವಾದದ್ದು. ಅದರ ಬೆನ್ನ ಮೇಲೆ ಸಿಗರೇಟು ಸವಾರಿ ಮಾಡಿತು. ಮಹಿಳಾ ದಿನಕ್ಕೆ ಶುಭಾಶಯ ಹೇಳುವ ಕಂಪನಿ ತನ್ನ ಕಾರ್ಖಾನೆಯ ಹೆಣ್ಣಾಳುಗಳಿಗೆ ಎಷ್ಟು ಸಂಬಳ ಕೊಡುತ್ತದೆ? ಜಾಹೀರಾತು ಅದನ್ನು ಹೇಳುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಯಾರನ್ನೂ ನಂಬಬಾರದು ಅನಿಸುತ್ತೆ. ಎಲ್ಲಾ ಸುಳ್ಳೇ ಅಲ್ವಾ?

ದಯವಿಟ್ಟು ಅಲ್ಲಿಗೆ ಹೋಗಬೇಡಿ. ‘ಎಲ್ಲರೂ ಕಳ್ಳರೇ’ ಎಂಬ ಮನಸ್ಥಿತಿ ನಿಜವಾದ ಕಳ್ಳನಿಗೆ ತುಂಬಾ ಅನುಕೂಲ. ಒಂದೇ ಘಟನೆಗೆ ಹತ್ತು ಕಥೆ ಹರಿಬಿಟ್ಟು, ಸತ್ಯ ಹುಡುಕುವುದೇ ದಂಡ ಎಂದು ಜನ ಕೈಬಿಡುವಂತೆ ಮಾಡುವುದೂ ಒಂದು ತಂತ್ರ. ನಂಬಿಕೆಯನ್ನು ಅಳೆದು ಕೊಡಿ. ತಪ್ಪಾದಾಗ ತಿದ್ದುಪಡಿ ಹಾಕುವ ಪತ್ರಿಕೆಗೆ, ತನ್ನ ಪಕ್ಷದ ತಪ್ಪನ್ನೂ ಹೇಳುವ ಮುಖಂಡನಿಗೆ, ‘ಈ ಬೀಜ ನಿಮ್ಮ ಭೂಮಿಗೆ ಆಗಲ್ಲ’ ಎಂದು ವಾಪಸ್ ಕಳಿಸುವ ಅಂಗಡಿಯವನಿಗೆ ಜಾಸ್ತಿ ಕೊಡಿ. ಅಂಥವರು ನಮ್ಮ ಊರುಗಳಲ್ಲಿ ಇದ್ದಾರೆ.

ನಾನು ಹೈಸ್ಕೂಲ್ ಮೇಷ್ಟ್ರು. ಮಕ್ಕಳಿಗೆ ಇದನ್ನ ಹೆಂಗೆ ಕಲಿಸಲಿ?

ಪಾಠ ಮಾಡಬೇಡಿ, ಅವರಿಂದಲೇ ಮಾಡಿಸಿ. 1960ರ ದಶಕದಲ್ಲಿ ವಿಲಿಯಂ ಮೆಗ್ವಾಯರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ವಿಷಯ ತೋರಿಸಿದರು: ದುರ್ಬಲವಾದ ಮೋಸದ ವಾದವನ್ನು ಮೊದಲೇ ಕೊಟ್ಟು, ಅದನ್ನು ಹೇಗೆ ಎದುರಿಸಬೇಕೆಂದು ತಿಳಿಸಿದರೆ, ಆಮೇಲೆ ಬಲವಾದ ವಾದ ಬಂದಾಗ ಜನ ಗಟ್ಟಿಯಾಗಿ ನಿಲ್ಲುತ್ತಾರೆ. ಹಾಗಾಗಿ ತರಗತಿಯನ್ನು ಏಳು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪಟ್ಟು ಕೊಡಿ. ಶಾಲೆಯ ಬಾವಿ ನೀರನ್ನು ಬಾಟಲಿಯಲ್ಲಿ ತುಂಬಿ, ಆ ಪಟ್ಟು ಬಳಸಿ ಮಾರುವ ಜಾಹೀರಾತು ಬರೆಯಲು ಹೇಳಿ. ಒಂದು ಷರತ್ತು: ಒಂದೂ ಸುಳ್ಳು ಇರಬಾರದು. ಉಳಿದ ಗುಂಪಿನವರು ಪಟ್ಟನ್ನು ಗುರುತಿಸಿ, ಏನು ಬಿಟ್ಟಿದ್ದಾರೆ ಎಂದು ಹೇಳಲಿ. ಮರುದಿನ ಮನೆಗೆ ಬರುವ ಪತ್ರಿಕೆಯಿಂದ ಒಂದು ಜಾಹೀರಾತು, ಒಂದು ರಾಜಕೀಯ ಹೇಳಿಕೆ ಕತ್ತರಿಸಿ ತರಲಿ. ಪಕ್ಷದ ವಿಷಯದಲ್ಲಿ ನೀವು ಅಭಿಪ್ರಾಯ ಹೇಳಬೇಡಿ. ಮಕ್ಕಳು ಎಲ್ಲ ಪಕ್ಷದ್ದೂ ತಂದೇ ತರುತ್ತಾರೆ.